ತಾನಾಗಿಯೇ ಆರಿಹೋಗುವ ಗಣಕಯಂತ್ರ: ಕಾರಣ ಹುಡುಕುವ ಕ್ರಮ



ಅಡಿಕೆ ಮರದ ಗರಿ ಹಳದಿಯಾಗುವುದಕ್ಕೆ ಕಾರಣ ಒಂದೇ ಅಲ್ಲವೆಂಬುದು ಮಲೆನಾಡಿನ ಎಲ್ಲ ಕೃಷಿಕರಿಗೂ ಗೊತ್ತು. ಬುಡದಲ್ಲಿ ನೀರು ನಿಂತರೂ ಹಳದಿ, ಪೋಷಕಾಂಶ ಸಾಲದಿದ್ದರೂ ಹಳದಿ, ರೋಗ ತಗುಲಿದರೂ ಹಳದಿ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿದ ಗಣಕಯಂತ್ರವು ನಡುನಡುವೆ ಆರಿಹೋಗುವುದೂ ಅಂಥದೊಂದು ಲಕ್ಷಣ. ಮನೆಯವರು ಕೂಡಿಟ್ಟ ಹಣದಲ್ಲಿ ಯಂತ್ರ ಕಟ್ಟಿದ ವಿದ್ಯಾರ್ಥಿ, ಶಿಷ್ಯವೇತನದ ಅರ್ಜಿ ತುಂಬುವಾಗಲೇ ಪರದೆ ಕಪ್ಪಾದರೆ ದಿಗಿಲುಗೊಳ್ಳುವುದು ಸಹಜ. ಆ ದಿಗಿಲಿನಲ್ಲಿ ಮದರ್‌ಬೋರ್ಡನ್ನೇ ಬದಲಿಸಲು ಹೊರಟರೆ ಹಣವೂ ಹೋಗುತ್ತದೆ, ದೋಷವೂ ಉಳಿಯಬಹುದು.

ಯಂತ್ರ ಆರುವುದು ಅನೇಕ ವೇಳೆ ಆತ್ಮರಕ್ಷಣೆಗಾಗಿ. ಪ್ರೊಸೆಸರಿನ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಮೇಲೂ ಬಿಸಿ ಏರಿದರೆ ಯಂತ್ರವನ್ನೇ ಆರಿಸುತ್ತದೆ. ವಿದ್ಯುತ್ ಪೂರೈಸುವ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ ಕೂಡ ಹೊರೆ ಮಿತಿಮೀರಿದಾಗ ಹಾಗೆಯೇ ಮಾಡುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಯಂತ್ರ ಆರುವುದು ಯಾವಾಗ?

ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಆರಿದರೆ ಜೋಡಣೆಯನ್ನು ಶಂಕಿಸಬೇಕು. ಪ್ರೊಸೆಸರಿನ ಮೇಲಿನ ಶಾಖಹೀರುಕ ಸರಿಯಾಗಿ ಕೂತಿಲ್ಲದಿರಬಹುದು. ಸಡಿಲ ತಿರುಪೊಂದು ಮದರ್‌ಬೋರ್ಡಿನ ಹಿಂಬದಿಗೆ ತಗುಲಿರಬಹುದು. ಹತ್ತಿಪ್ಪತ್ತು ನಿಮಿಷ ಕೆಲಸ ಮಾಡಿದ ಮೇಲೆ ಆರಿದರೆ ಬಿಸಿಯತ್ತ ನೋಡಬೇಕು. ಮಳೆಗಾಲದ ತೇವದಲ್ಲಿ ಧೂಳು ಫ್ಯಾನಿನ ಕೆಳಗೆ ಕಂಬಳಿಯಂತೆ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಪ್ರೊಸೆಸರಿಗೂ ಶಾಖಹೀರುಕಕ್ಕೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದರೂ ಫಲ ಅದೇ. ಯಂತ್ರ ಆರಿದೊಡನೆ ಮತ್ತೆ ಚಾಲೂ ಮಾಡಿ, ಬಯಾಸ್ ಪುಟದಲ್ಲಿ ಉಷ್ಣತೆಯನ್ನು ಓದಿದರೆ ಸುಳಿವು ಸಿಗುತ್ತದೆ.

ಚಿತ್ರ ಸಂಕಲನ, ಆಟ ಮುಂತಾದ ಭಾರದ ಕೆಲಸಗಳಲ್ಲಿ ಮಾತ್ರ ಆರಿದರೆ, ಬಿಸಿಯ ಜೊತೆಗೆ ಪವರ್ ಸಪ್ಲೈಯನ್ನೂ ಪರೀಕ್ಷಿಸಬೇಕು. ಅದರ ಮೇಲೆ 450 ವಾಟ್ ಎಂದು ದೊಡ್ಡದಾಗಿ ಬರೆದಿದ್ದರೆ ಸಾಲದು. ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿನ ಸಾಲಿಗೆ 18 ಆಂಪಿಯರ್ ಎಂದಿದ್ದರೆ ಆ ಸಾಲಿನ ಶಕ್ತಿ 216 ವಾಟ್ ಮಾತ್ರ. 65 ವಾಟಿನ ಪ್ರೊಸೆಸರೂ 200 ವಾಟಿನ ಗ್ರಾಫಿಕ್ಸ್ ಕಾರ್ಡೂ ಸೇರಿದರೆ 265 ವಾಟ್ ಬೇಕು. ಇವೆರಡರ ಮುಖ್ಯ ಆಹಾರ ಆ ಸಾಲಿನಿಂದಲೇ. ಇಲ್ಲಿ ತಪ್ಪು ಮದರ್‌ಬೋರ್ಡಿನದಲ್ಲ, ಲೆಕ್ಕದ್ದು. ಈ ಸಾಲಿನ ವೋಲ್ಟೇಜು 11.4ರಿಂದ 12.6ರೊಳಗೆ ಇರಬೇಕೆಂಬುದು ಎಟಿಎಕ್ಸ್ ಮಾನದಂಡದ ಹಳೆಯ ಆವೃತ್ತಿಗಳ ನಿಯಮ.

ಪಂಪ್‌ಸೆಟ್ ಚಾಲೂ ಆದಾಗ, ಅಥವಾ ದೀಪ ಮಿಣುಕಿದಾಗ ಆರಿದರೆ ಕಾರಣವು ಪೆಟ್ಟಿಗೆಯ ಹೊರಗೇ ಇರಬಹುದು. ಊರಿನ ಕೊನೆಯ ಕಂಬದ ಮನೆಗಳಲ್ಲಿ ವೋಲ್ಟೇಜು ಕುಸಿಯುವುದು ಹೊಸ ಸಂಗತಿಯಲ್ಲ. ಯುಪಿಎಸ್‌ನ ಬ್ಯಾಟರಿ ಹಳತಾಗಿದ್ದರೆ ಅದು ಆ ಕ್ಷಣದ ಹೊರೆಯನ್ನು ಹೊರಲಾರದು. ವಿದ್ಯುತ್ ಸ್ಥಿರವಾಗಿರುವ ಬೇರೊಂದು ಮನೆಯಲ್ಲಿ ಅದೇ ಯಂತ್ರವನ್ನು ಒಂದು ದಿನ ನಡೆಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ವಿಂಡೋಸ್ ಇರುವ ಯಂತ್ರದಲ್ಲಿ ಇವೆಂಟ್ ವ್ಯೂವರ್ ತೆರೆದರೆ ‘ಕರ್ನಲ್-ಪವರ್ 41’ ಎಂಬ ದಾಖಲೆ ಕಾಣಸಿಗುತ್ತದೆ. ಇದನ್ನೇ ರೋಗದ ಹೆಸರೆಂದು ಭಾವಿಸುವವರಿದ್ದಾರೆ. ಯಂತ್ರವು ಕ್ರಮಬದ್ಧವಾಗಿ ಮುಚ್ಚದೆ ನಿಂತಿತ್ತೆಂಬುದನ್ನು ಮಾತ್ರ ಅದು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಆದರೆ ಅಲ್ಲಿರುವ ದಿನಾಂಕ, ವೇಳೆಗಳು ಉಪಯುಕ್ತ. ಅವನ್ನು ಒಂದು ಪುಸ್ತಕದಲ್ಲಿ ಬರೆದು, ಆಗ ನಡೆದಿದ್ದ ಕೆಲಸ, ಉಷ್ಣತೆ, ಹೊರಗಿನ ವಿದ್ಯುತ್ತಿನ ಸ್ಥಿತಿಗಳನ್ನು ಎದುರಿಗೆ ನಮೂದಿಸಿದರೆ ಕೆಲವೇ ದಿನಗಳಲ್ಲಿ ಒಂದು ಕ್ರಮ ಗೋಚರವಾಗುತ್ತದೆ.

ಪ್ರಯೋಗದ ಮುಖ್ಯ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಧೂಳು ತೆಗೆದು, ಮೆಮೊರಿ ಬದಲಿಸಿ, ಹೊಸ ಪವರ್ ಸಪ್ಲೈಯನ್ನೂ ಒಂದೇ ದಿನ ಹಾಕಿದರೆ ಯಂತ್ರ ಸರಿಹೋದರೂ ಕಾರಣ ತಿಳಿಯದು. ಮಣ್ಣಿಗೆ ಸುಣ್ಣವನ್ನೂ ಗೊಬ್ಬರವನ್ನೂ ಒಟ್ಟಿಗೆ ಹಾಕಿದವನಿಗೆ ಫಲ ಯಾವುದರಿಂದ ಬಂತೆಂದು ಹೇಳಲಾಗದು. ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಎರವಲು ತಂದ ಭಾಗ, ಕೊನೆಗೆ ಖರೀದಿ.

ಎಚ್ಚರಿಕೆಯೊಂದುಂಟು. ಪ್ಲಗ್ ಕಿತ್ತ ಮೇಲೆಯೇ ಯಂತ್ರದ ಮುಚ್ಚಳ ತೆಗೆಯಬೇಕು. ಪವರ್ ಸಪ್ಲೈಯನ್ನಂತೂ ಮನೆಯಲ್ಲಿ ಬಿಚ್ಚಲೇಬಾರದು. ಅದರೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ನಂತರವೂ ಪ್ರಾಣಾಪಾಯದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು.

ಇಷ್ಟು ಶ್ರಮವೇಕೆ ಎಂಬ ಪ್ರಶ್ನೆಗೆ ಉತ್ತರ ಮನೆಯ ಹೊರಗೂ ಇದೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು ಸುಮಾರು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಸೃಷ್ಟಿಸಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದುದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿದೆ. ಹಳ್ಳದ ದಂಡೆಗೆ ಎಸೆದ ಬೋರ್ಡಿನ ವಿಷವು ಹಳ್ಳದ ನೀರನ್ನು ಸೇರುತ್ತದೆ. ಆ ನೀರೇ ಕೆಳಗಿನ ಊರಿನ ತೋಟಕ್ಕೂ ಬಾವಿಗೂ ಆಧಾರ. ಹತ್ತು ನಿಮಿಷ ಧೂಳು ಒರೆಸಿ ಉಳಿಸಬಹುದಾದ ಯಂತ್ರವನ್ನು ಕಸವೆಂದು ಕರೆಯುವ ಮೊದಲು, ಅದು ಆರಿದ್ದು ಯಾವಾಗ ಎಂದು ಒಮ್ಮೆ ಬರೆದಿಡುವುದು ಒಳಿತು.