ಜಗಲಿಯ ಮೇಲಿನ ಕರ್ಣ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲ ಹಿಡಿದರೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ತಾಳಮದ್ದಲೆಗೆ ಮಾತ್ರ ಮಳೆ ಅಡ್ಡಿಯಲ್ಲ. ಒಂದು ಜಗಲಿ, ಭಾಗವತರು, ಮದ್ದಲೆ, ಚೆಂಡೆ, ಎದುರುಬದುರು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು ಇದ್ದರಾಯಿತು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪದ್ಯ ಮೊದಲೇ ಬರೆದದ್ದು. ಮಾತು ಆ ಹೊತ್ತಿಗೇ ಹುಟ್ಟಬೇಕು.

ಈ ಕಲೆಯ ದೊಡ್ಡತನ ನನಗೆ ಕಾಣುವುದು ಅಲ್ಲೇ. ಹಗಲು ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಿ ಬಂದವರು ರಾತ್ರಿ ಪಂಚೆ, ಶಾಲಿನಲ್ಲೇ ಕರ್ಣನಾಗುತ್ತಾರೆ. ಕೃಷ್ಣ ಅವನಿಗೆ ಅವನ ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆಗೆ ಕರೆಯುತ್ತಾನೆ. ಕರ್ಣ ಒಲ್ಲೆ ಎನ್ನಬೇಕು. ಏಕೆ ಒಲ್ಲೆ ಎಂಬುದನ್ನು ಅರ್ಥಧಾರಿ ತನ್ನೊಳಗಿನಿಂದಲೇ ತೆಗೆಯಬೇಕು. ಉಂಡ ಅನ್ನದ ಋಣ, ಸಾಕಿದ ತಾಯಿ ರಾಧೆ, ಕೊಟ್ಟ ಮಾತು, ಹೀಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಮುಂದೆ ಬರುತ್ತದೆ. ಕಂಬಕ್ಕೊರಗಿ ಕೇಳುತ್ತಿರುವವರಲ್ಲಿ ಸಾಲ ತೀರಿಸಬೇಕಾದವರಿದ್ದಾರೆ, ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವರಿದ್ದಾರೆ. ಕರ್ಣನ ಸಂಕಟ ಅವರಿಗೆ ತಮ್ಮ ಮನೆಯ ಸಂಕಟವೇ. ಎಷ್ಟೋ ಸಲ ಯಾರೋ ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ.

ಇದೇ ಸೀಮೆಯ ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ 12 ರಾಶಿಕಂಬಗಳಿವೆ. ಆಯಾ ಮಾಸದಲ್ಲಿ ಬೆಳಗಿನ ಬಿಸಿಲು ಆಯಾ ರಾಶಿಯ ಕಂಬಕ್ಕೆ ಬೀಳುತ್ತದೆ ಎನ್ನುತ್ತಾರೆ. 14ನೇ ಶತಮಾನದ ಆ ಶಿಲ್ಪಕ್ಕೆ ಕೈಮುಗಿಯುವಷ್ಟೇ ಭಕ್ತಿಯಿಂದ ನಾನು ಜಗಲಿಯ ಈ ಮಾತಿಗೂ ಕಿವಿಗೊಡುತ್ತೇನೆ. ಈ ಮಳೆಗಾಲ ನಿಮ್ಮೂರಲ್ಲಿ ತಾಳಮದ್ದಲೆಯ ಕೂಟವಿದ್ದರೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಂಗಳ ಹಾಡುವವರೆಗೂ ಕೂತಿರಿ.