ಅತ್ತೂರಿನ ಹರಕೆ

ಜನವರಿಯ ಕೊನೆಯ ವಾರ ಕಾರ್ಕಳದಿಂದ ಅತ್ತೂರಿಗೆ ಹೋಗುವ ದಾರಿಯಲ್ಲಿ ಜನವೋ ಜನ. ಪರ್ಪಲೆ ಗುಡ್ಡದ ಬುಡದಲ್ಲಿರುವ ಸಂತ ಲಾರೆನ್ಸರ ಇಗರ್ಜಿಯ ವಾರ್ಷಿಕ ಹಬ್ಬ ಅದು. ಕ್ರೈಸ್ತರಿಗೆ ಅದು ‘ಸಾಂತ್‌ಮಾರಿ’, ಉಳಿದವರ ಬಾಯಲ್ಲಿ ಅತ್ತೂರು ಜಾತ್ರೆ. ಕೊಂಕಣಿಯಲ್ಲೂ ಕನ್ನಡದಲ್ಲೂ ಬಲಿಪೂಜೆಗಳು ನಡೆಯುತ್ತವೆ. ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಹಿಂದೂಗಳೂ ಬಹಳ. ಮಗುವಿನ ಕಾಯಿಲೆ, ಮಗಳ ಮದುವೆ, ಕೈಗೂಡದ ಕೆಲಸ: ಹರಕೆಗೆ ಕಾರಣ ಯಾವುದಾದರೂ ಸರಿ, ಜಾತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಭಾಗದಲ್ಲಿ ಇಗರ್ಜಿ ಹುಟ್ಟಿದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಊರೂ ಇಗರ್ಜಿಯೂ ಬರಿದಾದವು. 1799ರಲ್ಲಿ ಬಿಡುಗಡೆಯಾಗಿ, ಬದುಕುಳಿದು ಮರಳಿದವರ ಮುಂದೆ ಎಲ್ಲವನ್ನೂ ಮೊದಲಿನಿಂದ ಕಟ್ಟುವ ಕೆಲಸವಿತ್ತು.

ಆ ದಿನಗಳ ಕತೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಸಂತರ ಪುಟ್ಟ ಮರದ ಮೂರ್ತಿಯನ್ನು ಹೊತ್ತು ಹೊಸ ಇಗರ್ಜಿಗೆ ಜಾಗ ಹುಡುಕುತ್ತಿದ್ದವರು ಬಾಯಾರಿ, ಗುಡ್ಡದ ಬುಡದ ನೀರಿನ ಬಳಿ ಅದನ್ನು ಇಳಿಸಿದರಂತೆ. ಮತ್ತೆ ಎತ್ತಹೋದರೆ ಮೂರ್ತಿ ಅಲುಗಲಿಲ್ಲವಂತೆ. ಅಲ್ಲೇ ಇಗರ್ಜಿ ಎದ್ದಿತು.

ನಂಬಿಕೆಯ ಕತೆಗೆ ಸಾಕ್ಷಿ ಕೇಳಬೇಕಿಲ್ಲ. ಮನೆಮಠ ಕಳೆದುಕೊಂಡವರು ‘ಇನ್ನು ಇಲ್ಲಿಂದ ಕದಲೆವು’ ಎಂದು ನಿಂತ ಗಟ್ಟಿತನ ಅದರೊಳಗಿದೆ.

ಸಂತ ಲಾರೆನ್ಸರದ್ದೂ ಅಂಥದೇ ಗಟ್ಟಿತನ. ಮೂರನೇ ಶತಮಾನದ ರೋಮ್‌ನಲ್ಲಿ ಧರ್ಮಸಭೆಯ ದಾನಧರ್ಮವನ್ನು ನೋಡಿಕೊಳ್ಳುತ್ತಿದ್ದ ಸೇವಕ ಆತ. ಧರ್ಮಸಭೆಯ ಸಂಪತ್ತನ್ನು ಒಪ್ಪಿಸು ಎಂದು ಅಧಿಕಾರಿ ಗದರಿಸಿದಾಗ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆತಂದು, ಇವರೇ ನಮ್ಮ ಸಂಪತ್ತು ಎಂದು ತೋರಿಸಿದನೆಂದು ಪರಂಪರೆ ಹೇಳುತ್ತದೆ. 258ರ ಆಗಸ್ಟ್ 10ರಂದು, ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, ಆತ ಹುತಾತ್ಮನಾದ.

2016ರಲ್ಲಿ ಪೋಪ್ ಫ್ರಾನ್ಸಿಸ್ ಈ ಇಗರ್ಜಿಯನ್ನು ಕಿರಿಯ ಬಸಿಲಿಕಾ ಎಂದು ಘೋಷಿಸಿದರು. ಬೆಂಗಳೂರಿನ ಸಂತ ಮರಿಯಮ್ಮನವರ ಬಸಿಲಿಕಾದ ನಂತರ ರಾಜ್ಯಕ್ಕೆ ಇದು ಎರಡನೆಯದು. ರೋಮ್ ಕೊಟ್ಟ ಈ ಗೌರವಕ್ಕೆ ಎಷ್ಟೋ ಮುಂಚೆಯೇ ಅತ್ತೂರನ್ನು ಪುಣ್ಯಕ್ಷೇತ್ರ ಮಾಡಿದವರು ಹರಕೆ ಹೊತ್ತು ಬಂದ ಸಾಮಾನ್ಯರು.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ ಬಾಹುಬಲಿಯನ್ನು ನೋಡಹೋದವರು ಅತ್ತೂರಿಗೂ ಹೋಗಿಬನ್ನಿ. ಜಾತ್ರೆಗೆ ಹೋಗುವವರು ಒಂದಿಷ್ಟನ್ನು ಬಡವರಿಗಾಗಿ ತೆಗೆದಿಡಿ. ಸಂತ ಲಾರೆನ್ಸರಿಗೆ ಸಲ್ಲಬೇಕಾದ ಮೊದಲ ಹರಕೆ ಅದೇ.