ಬಹುಮತದ ಲೆಕ್ಕ

ಬಹುಮತವನ್ನು ಏಕೆ ನಂಬಬೇಕು? ರಾಜನೇ ಆಳುತ್ತಿದ್ದ ಫ್ರಾನ್ಸಿನಲ್ಲಿ, 1785ರಲ್ಲಿ, ಗಣಿತಜ್ಞ ಕೊಂಡಾರ್ಸೆ ಇದಕ್ಕೆ ಸಂಭವನೀಯತೆಯ ಲೆಕ್ಕ ಹಾಕಿದ. ನಾನು ಇಂಜಿನಿಯರ್, ಕಾಗದದ ಮೇಲೆ ಮಾಡಿ ನೋಡದೆ ಒಪ್ಪುವವನಲ್ಲ. ಒಬ್ಬೊಬ್ಬರೂ ನೂರಕ್ಕೆ 60 ಸಲ ಸರಿಯಾಗಿ ತೀರ್ಮಾನಿಸುವವರಾದರೆ, ಮೂವರ ಬಹುಮತ ಸುಮಾರು 65 ಸಲ ಸರಿ, ಐವರದು 68. ಆದರೆ ಒಬ್ಬೊಬ್ಬರೂ 40 ಸಲ ಮಾತ್ರ ಸರಿಯೆಂದರೆ ಮೂವರದು 35ಕ್ಕೆ ಇಳಿಯುತ್ತದೆ, ಜನ ಸೇರಿದಷ್ಟೂ ತಪ್ಪೇ ಬಲಿಯುತ್ತದೆ. ಇನ್ನೊಂದು ಷರತ್ತೂ ಇದೆ: ಪ್ರತಿಯೊಬ್ಬರೂ ಸ್ವತಂತ್ರವಾಗಿ ಯೋಚಿಸಿರಬೇಕು. ಗೌಡರು ಕೈಯೆತ್ತಿದರೆಂದು ಊರೇ ಕೈಯೆತ್ತಿದರೆ ಲೆಕ್ಕದಲ್ಲಿ ಅದು ಒಂದೇ ಮತ.

ಈ ಲೆಕ್ಕವೇ ಅವನನ್ನು ಶಾಲೆಯ ಕಡೆಗೆ ತಿರುಗಿಸಿತೆಂದು ನನ್ನ ಎಣಿಕೆ. 1790ರಲ್ಲಿ ಹೆಣ್ಣುಮಕ್ಕಳಿಗೂ ಪೌರಹಕ್ಕು ಬೇಕೆಂದು ಬರೆದ. 1792ರಲ್ಲಿ ಉಚಿತ ಸಾರ್ವಜನಿಕ ಶಿಕ್ಷಣದ ಯೋಜನೆಯನ್ನು ಶಾಸನಸಭೆಯ ಮುಂದಿಟ್ಟ. ಮರುವರ್ಷ ಅವನ ಬಂಧನಕ್ಕೆ ಆಜ್ಞೆ ಹೊರಡಿಸಿದ್ದು ಚುನಾಯಿತ ಸಭೆಯೇ. 1794ರಲ್ಲಿ ಸೆರೆಮನೆಯಲ್ಲಿ ಸತ್ತ.